ಹೊಸ ಸಿಪ್ಯಾಪ್ ಬಂದ ಮೇಲೆ ಗೊರಕೆ ಮರಳಿ ಬಂದರೆ: ಪ್ರೆಷರ್ ಮುಟ್ಟುವ ಮೊದಲು ಏನೇನು ನೋಡಬೇಕು

ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲದಂತೆ ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡುವ ನನ್ನ ಹಳೆಯ ಸಿಪ್ಯಾಪ್ ಮೆಷಿನ್ ಏಳನೇ ವರ್ಷದಲ್ಲಿದ್ದಾಗ ಪರದೆಯ ಮೇಲೆ ಒಂದು ಸಾಲು ಬರಲು ಶುರುವಾಯಿತು: ಮೋಟರಿನ ಆಯಸ್ಸು ಮುಗಿದಿದೆ. ಲೆಕ್ಕ ಹಾಕಿದರೆ ಸರಿಯಾಗಿಯೇ ಇತ್ತು. ಅದರ ಮೋಟರ್ 20,000 ಗಂಟೆಗೆ ಎಂದು ಮಾಡಿದ್ದು. ರಾತ್ರಿಗೆ 8 ಗಂಟೆ ಅಂದರೆ ವರ್ಷಕ್ಕೆ 2,920 ಗಂಟೆ. ಏಳು ವರ್ಷ ತುಂಬುವುದಕ್ಕೆ ಸ್ವಲ್ಪ ಮೊದಲೇ ಮುಗಿಯುತ್ತದೆ.

ಹೊಸದು ತರಿಸಿದೆ. ಮಾರಿದವರು ಕೊರಿಯರ್‌ನಲ್ಲಿ ಚಿಕ್ಕಮಗಳೂರಿಗೆ ಕಳುಹಿಸಿ, "ಸ್ವಿಚ್ ಹಾಕಿ ಮಲಗಿ ಸಾರ್, ಎಲ್ಲಾ ಆಟೋಮ್ಯಾಟಿಕ್" ಅಂದರು. ಹಾಗೇ ಮಾಡಿದೆ. ಮೂರನೇ ದಿನ ಬೆಳಿಗ್ಗೆ ಹೆಂಡತಿ ಕಾಫಿ ಲೋಟ ಕೈಗಿಡುತ್ತಾ, "ರೀ, ರಾತ್ರಿ ಮತ್ತೆ ಉಸಿರು ನಿಂತು ನಿಂತು ಬರ್ತಿತ್ತು, ಮೆಷಿನ್ ಇಲ್ಲದಾಗ ಇದ್ದ ಹಾಗೇ" ಅಂದಳು. ಅದೇ ವಾರ ಮಂಗಳೂರಿಂದ ವಾಪಸ್ ಬರುವಾಗ, ಚಾರ್ಮಾಡಿ ಹತ್ತಿ ಇನ್ನೂ ಕೊಟ್ಟಿಗೆಹಾರ ಮುಟ್ಟಿರಲಿಲ್ಲ, ಕಣ್ಣು ತಾನಾಗಿಯೇ ಮುಚ್ಚಿಕೊಂಡು ಬಂತು. ಗಾಡಿ ಪಕ್ಕಕ್ಕೆ ಹಾಕಿ ಇಳಿದು ನಿಂತೆ. ಕೈ ನಡುಗುತ್ತಿತ್ತು. ಏಳು ವರ್ಷದಿಂದ ಹೀಗೆ ಆಗಿರಲಿಲ್ಲ.

ಮುಂದಿನ ಮೂರು ವಾರ ಒಂದೊಂದೇ ನೋಡುತ್ತಾ ಹೋದೆ. ಕೊನೆಗೆ ಸಿಕ್ಕಿದ್ದು ಇಷ್ಟು: ಮೆಷಿನ್ ಚೆನ್ನಾಗಿಯೇ ಇತ್ತು. ಹಳೆಯದರ ಒಳಗಿದ್ದ, ನನಗೆಂದು ಸೆಟ್ ಮಾಡಿದ್ದ ಪ್ರೆಷರ್ ಮುಂತಾದ ಅಂಕಿಗಳು ಹೊಸದಕ್ಕೆ ಬಂದೇ ಇರಲಿಲ್ಲ. ಹಾಸನ, ಚಿಕ್ಕಮಗಳೂರಿನ ಕಡೆ ಈ ಮೆಷಿನ್ ಇಟ್ಟುಕೊಂಡು ಸೆಟ್ ಮಾಡಿಕೊಡುವವರು ಹತ್ತಿರದಲ್ಲಿ ಸಿಗದೆ ಒದ್ದಾಡುವವರಿಗೆ ಉಪಯೋಗ ಆಗಲಿ ಅಂತ ನೋಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಯಾರು ತಾವಾಗಿ ಮುಟ್ಟಬಾರದು

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಾರ್ಟ್ ಫೇಲ್ಯೂರ್ ಇರುವವರು, ಶ್ವಾಸಕೋಶದ ಹಳೆಯ ಕಾಯಿಲೆ ಇರುವವರು, ಮೆಷಿನ್ ಜೊತೆ ಆಕ್ಸಿಜನ್ ಹಾಕಿಕೊಳ್ಳುವವರು, ನಿದ್ದೆಯ ಪರೀಕ್ಷೆಯಲ್ಲಿ 'ಸೆಂಟ್ರಲ್' (ಗಂಟಲು ಮುಚ್ಚದೆಯೇ ಉಸಿರು ನಿಲ್ಲುವುದು) ಎಂದು ಬಂದವರು, ಬೈಪ್ಯಾಪ್ (ಉಸಿರು ಎಳೆಯಲು ಒಂದು, ಬಿಡಲು ಒಂದು ಪ್ರೆಷರ್ ಕೊಡುವ ಮೆಷಿನ್) ಬಳಸುವವರು ಪ್ರೆಷರಿನ ಅಂಕಿಗೆ ಕೈ ಹಾಕಬೇಡಿ. ಮಾಸ್ಕ್, ನೀರು, ಫಿಲ್ಟರ್ ಇವನ್ನು ನೋಡಿಕೊಳ್ಳಿ, ಉಳಿದದ್ದು ಡಾಕ್ಟರ ಕೆಲಸ. ನನಗಿರುವುದು ಮಲಗಿದಾಗ ಗಂಟಲು ಮುಚ್ಚಿಕೊಳ್ಳುವ ಸಾಮಾನ್ಯ ತೊಂದರೆ. ಆದರೂ ನನ್ನ ಡಾಕ್ಟರಿಗೆ ಫೋನ್ ಮಾಡಿ, ಹೀಗೆ ಮಾಡ್ತೀನಿ ಡಾಕ್ಟ್ರೇ ಅಂತ ಕೇಳಿದ ಮೇಲೆಯೇ ಕೈ ಹಾಕಿದ್ದು. ಅವರು ಹೇಳಿದ್ದು ಎರಡೇ ಮಾತು: "ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಬದಲಾವಣೆಗೂ ನಾಲ್ಕೈದು ರಾತ್ರಿ ಕೊಡಿ."

ಹಳೆಯದನ್ನು ಮೂಲೆಗೆ ಇಡುವ ಮೊದಲು

ಹಳೆಯ ಮೆಷಿನ್ ಇನ್ನೂ ಸ್ವಿಚ್ ಆನ್ ಆಗುತ್ತಿದ್ದರೆ ಅದರ ಪ್ರತಿ ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ. ರೆಸ್ಮೆಡ್ ಏರ್‌ಸೆನ್ಸ್ 10ರಲ್ಲಿ ಹೋಮ್ ಗುಂಡಿಯನ್ನೂ ತಿರುಗಿಸುವ ಗುಂಡಿಯನ್ನೂ ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿದರೆ ಡಾಕ್ಟರಿಗೆ ಅಂತ ಮಾಡಿದ ಮೆನು ತೆರೆಯುತ್ತದೆ. ಬೇರೆ ಕಂಪನಿಗಳಲ್ಲಿ ಗುಂಡಿ ಬೇರೆ. ನೋಡಬೇಕಾದದ್ದು ಮೋಡ್, ಅತಿ ಕಡಿಮೆ ಮತ್ತು ಅತಿ ಹೆಚ್ಚು ಪ್ರೆಷರ್, ರ‍್ಯಾಂಪ್ (ಮಲಗಿದ ಮೇಲೆ ಪ್ರೆಷರ್ ಮೆಲ್ಲಗೆ ಏರುವ ಹೊತ್ತು) ಎಷ್ಟು ನಿಮಿಷ, ಅದು ಯಾವ ಅಂಕಿಯಿಂದ ಶುರು, ಉಸಿರು ಬಿಡುವಾಗ ಪ್ರೆಷರ್ ಇಳಿಸುವ ಸೌಲಭ್ಯ ಎಷ್ಟರಲ್ಲಿದೆ, ಮಾಸ್ಕ್ ಯಾವ ಬಗೆ, ಪೈಪ್ ಯಾವ ಬಗೆ.

ನಾನು ಈ ಕೆಲಸವನ್ನು ಹನ್ನೊಂದನೇ ದಿನ ಮಾಡಿದೆ. ಹಳೆಯದರಲ್ಲಿ ಹೀಗಿತ್ತು: ಆಟೋ (ಬೇಕಾದ ಹಾಗೆ ಪ್ರೆಷರನ್ನು ಮೆಷಿನ್ನೇ ಏರಿಸಿ ಇಳಿಸುವ ಮೋಡ್), ಪ್ರೆಷರ್ 9ರಿಂದ 14, ಉಸಿರು ಬಿಡುವಾಗಿನ ಇಳಿಕೆ 1, ರ‍್ಯಾಂಪ್ 7ರಿಂದ ಹತ್ತು ನಿಮಿಷ, ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್. ಹೊಸದರಲ್ಲಿ: ಆಟೋ, 4ರಿಂದ 20, ಇಳಿಕೆ 3, ರ‍್ಯಾಂಪ್ 4ರಿಂದ, ಮಾಸ್ಕ್ ಬಗೆಯಲ್ಲಿ ಮೂಗಿನ ಹೊಳ್ಳೆಗೆ ಹಾಕುವ ಪಿಲ್ಲೋಸ್. ನನ್ನದು ಅನ್ನುವ ಒಂದು ಅಂಕಿಯೂ ಅದರಲ್ಲಿರಲಿಲ್ಲ. 4ರಿಂದ 20 ಅಂದರೆ ಮೆಷಿನ್ ಕೊಡಬಲ್ಲ ಪೂರ್ತಿ ಹರವು. ಅಂದರೆ ಯಾರೂ ಏನೂ ಸೆಟ್ ಮಾಡಿಲ್ಲ ಅಂತ ಅರ್ಥ, ಅಲ್ವಾ? ಈ ಅಂಕಿಗಳು ಸೆಂಟಿಮೀಟರ್ ನೀರಿನ ಲೆಕ್ಕದವು. 10 ಅಂದರೆ ಹತ್ತು ಸೆಂಟಿಮೀಟರ್ ಎತ್ತರಕ್ಕೆ ನೀರು ತಳ್ಳುವಷ್ಟು ಗಾಳಿಯ ಒತ್ತಡ.

ಅಡಾಪ್ಟರ್ ಬಗ್ಗೆಯೂ ಒಂದು ಮಾತು. ಪಿನ್ ಕೂರುತ್ತದೆ ಅಂತ ಹಳೆಯ ಅಡಾಪ್ಟರನ್ನು ಹೊಸದಕ್ಕೆ ಚುಚ್ಚಬೇಡಿ. ಕೆಲವು ಮೆಷಿನ್‌ಗಳು 24 ವೋಲ್ಟ್, ಕೆಲವು 12 ವೋಲ್ಟ್.

ಕಾರ್ಡಿನಲ್ಲಿ ಏನಿದೆ ನೋಡದೆ ಏನನ್ನೂ ಬದಲಾಯಿಸಬೇಡಿ

ಬೆಳಿಗ್ಗೆ ಮೆಷಿನ್ ತೋರಿಸುವ ಎಎಚ್‌ಐ ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಅರ್ಧಕ್ಕೆ ಕುಗ್ಗಿತು ಅನ್ನುವ ಸರಾಸರಿ. 5ರ ಕೆಳಗೆ ಇರಬೇಕು. ಪರೀಕ್ಷೆಯಲ್ಲಿ 5ರಿಂದ 15 ಬಂದರೆ ಕಡಿಮೆ ತೊಂದರೆ, 15ರಿಂದ 30 ಮಧ್ಯಮ, 30 ದಾಟಿದರೆ ಜೋರು ಅಂತ ಲೆಕ್ಕ. ಹಳೆಯ ಮೆಷಿನ್‌ನಲ್ಲಿ ನನಗೆ 2ರ ಆಸುಪಾಸು ಬರುತ್ತಿತ್ತು. ಹೊಸದರಲ್ಲಿ ಮೊದಲ ವಾರ 12, 13, ಒಂದು ದಿನ 14.

ಆದರೆ ಸರಾಸರಿ ಒಂದನ್ನೇ ನೋಡಿದರೆ ಕಾಯಿಲೆ ಎಲ್ಲಿದೆ ಗೊತ್ತಾಗುವುದಿಲ್ಲ. ಮೆಷಿನ್‌ನಲ್ಲಿ ಎಸ್‌ಡಿ ಕಾರ್ಡ್ ಹಾಕಿಯೇ ಮಲಗಿ. ಹಾಕದ ರಾತ್ರಿಯ ವಿವರ ಆಮೇಲೆ ಸಿಗುವುದಿಲ್ಲ. ಬೆಳಿಗ್ಗೆ ತೆಗೆದು, ಪಕ್ಕದ ಸಣ್ಣ ಲಾಕ್ ಕೆಳಗೆ ಎಳೆದು, ಆಮೇಲೆ ಕಂಪ್ಯೂಟರಿಗೆ ಹಾಕಿ. ಇಲ್ಲದಿದ್ದರೆ ಕಂಪ್ಯೂಟರ್ ಅದರ ಮೇಲೆ ತನ್ನದೇನೋ ಬರೆದು ಮೆಷಿನ್ ಕಾರ್ಡನ್ನು ಒಪ್ಪದೇ ಹೋಗಬಹುದು. ವಾಪಸ್ ಹಾಕುವಾಗ ಲಾಕ್ ತೆಗೆಯುವುದು ಮರೆಯಬೇಡಿ. ಆಸ್ಕರ್ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಬಹಳಷ್ಟು ಮೆಷಿನ್‌ಗಳ ಕಾರ್ಡ್ ಓದುತ್ತದೆ. ಇಡೀ ರಾತ್ರಿ ಗೆರೆಗೆರೆಯಾಗಿ ಕಣ್ಣ ಮುಂದೆ ಬರುತ್ತದೆ.

ನನ್ನ ಗೆರೆಗಳಲ್ಲಿ ಎರಡು ವಿಷಯ ಕಂಡವು. ಸೋರಿಕೆಯ ಗೆರೆ ಅರ್ಧ ರಾತ್ರಿ ಮೇಲೆಯೇ ಇತ್ತು. ಮತ್ತೆ ಉಸಿರು ನಿಂತ ಗುರುತುಗಳು ರಾತ್ರಿಯೆಲ್ಲಾ ಹರಡಿರಲಿಲ್ಲ, ಬೆಳಗಿನ ಜಾವ ನಾಲ್ಕರಿಂದ ಆರರ ಒಳಗೆ ಗುಂಪುಗುಂಪಾಗಿ ಬಿದ್ದಿದ್ದವು. ಕನಸು ಬೀಳುವ ನಿದ್ದೆ ಬೆಳಗಿನ ಜಾವ ಜಾಸ್ತಿ. ಆಗ ಮೈಯ ಸ್ನಾಯುಗಳೆಲ್ಲ ಸಡಿಲ, ಗಂಟಲೂ ಸಡಿಲ. ಹೆಂಡತಿಗೆ ಅದೇ ಹೊತ್ತಿಗೆ ಎಚ್ಚರ ಆಗುತ್ತಿತ್ತು. ಅವಳು ಹೇಳಿದ್ದಕ್ಕೂ ಕಾರ್ಡ್ ಹೇಳಿದ್ದಕ್ಕೂ ಹತ್ತು ನಿಮಿಷದ ವ್ಯತ್ಯಾಸವೂ ಇರಲಿಲ್ಲ. ಪಕ್ಕದಲ್ಲಿ ಮಲಗುವವರ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಸೋರಿಕೆ: ಮೊದಲು ಇದನ್ನೇ ಹಿಡಿಯಿರಿ

ಸೋರಿಕೆ ಇರುವಾಗ ಪ್ರೆಷರ್ ಏರಿಸಿದರೆ ಸೋರಿಕೆಯೇ ಏರುತ್ತದೆ. ತೂತು ಬಿದ್ದ ಬಿಂದಿಗೆಗೆ ನಲ್ಲಿ ಜೋರಾಗಿ ಬಿಟ್ಟ ಹಾಗೆ. ಮಾಸ್ಕಿನ ಮುಂದೆ ಸಣ್ಣ ತೂತುಗಳಿರುತ್ತವೆ, ಅಲ್ಲಿಂದ ಬರುವ ಗಾಳಿ ಸೋರಿಕೆ ಅಲ್ಲ. ನಾವು ಬಿಟ್ಟ ಉಸಿರು ಹೊರಗೆ ಹೋಗುವ ದಾರಿ ಅದು, ಯಾವತ್ತೂ ಮುಚ್ಚಬೇಡಿ. ಮೆಷಿನ್ ಆ ಗಾಳಿಯನ್ನು ಕಳೆದು ಉಳಿದದ್ದನ್ನು ಸೋರಿಕೆ ಅಂತ ಲೆಕ್ಕ ಹಾಕುತ್ತದೆ. ಎಷ್ಟು ಕಳೆಯಬೇಕು ಅನ್ನುವುದು ಮಾಸ್ಕಿನ ಬಗೆಯ ಮೇಲೆ ನಿಂತಿದೆ. ಅದಕ್ಕೇ ಆ ಸೆಟ್ಟಿಂಗ್ ತಪ್ಪಿದ್ದರೆ ಮುಂದಿನ ಲೆಕ್ಕವೂ ತಪ್ಪು. ನಾನು ಮೊದಲು ಬದಲಾಯಿಸಿದ್ದು ಅದನ್ನೇ. ರೆಸ್ಮೆಡ್ ಮೆಷಿನ್‌ಗಳಲ್ಲಿ ನಿಮಿಷಕ್ಕೆ 24 ಲೀಟರ್ ದಾಟಿದರೆ ಜಾಸ್ತಿ ಸೋರಿಕೆ ಅಂತ ಲೆಕ್ಕ. ಕೆಲವು ಕಂಪನಿಗಳು ಒಟ್ಟು ಗಾಳಿಯನ್ನೇ ತೋರಿಸುತ್ತವೆ. ಆದ್ದರಿಂದ ಕಂಪನಿ ಬದಲಾದರೆ ಹಳೆಯ ಅಂಕಿಯನ್ನು ಹೊಸದರ ಜೊತೆ ಹೋಲಿಸಬೇಡಿ.

ಇನ್ನು ಮಾಸ್ಕ್. ಕೂತುಕೊಂಡು ಕನ್ನಡಿ ಮುಂದೆ ಬಿಗಿ ಮಾಡಿದ್ದು ಮಲಗಿದ ಮೇಲೆ ಕೂರುವುದಿಲ್ಲ. ಮುಖದ ಮಾಂಸ ಹಿಂದಕ್ಕೆ ಜಾರುತ್ತದೆ. ಮಲಗಿ, ಗಾಳಿ ಬಿಟ್ಟುಕೊಂಡು, ಪಟ್ಟಿಗಳನ್ನೆಲ್ಲ ಮೊದಲು ಸಡಿಲ ಮಾಡಿ, ಮಾಸ್ಕನ್ನು ಒಂದು ಸಲ ಮುಖದಿಂದ ಎತ್ತಿ ಬಿಡಿ. ಸಿಲಿಕಾನ್ ಅಂಚಿನೊಳಗೆ ಗಾಳಿ ತುಂಬಿ ಅದು ತಾನಾಗಿ ಕೂರುತ್ತದೆ. ಆಮೇಲೆ ಎರಡೂ ಕಡೆ ಒಂದೇ ಸಮ, ಸ್ವಲ್ಪ ಸ್ವಲ್ಪ ಎಳೆಯಿರಿ. ಮೂಗಿನ ಮೇಲೆ ಕೆಂಪು ಗೆರೆ ಬೀಳುವಷ್ಟು ಬಿಗಿದರೆ ಅಂಚು ಚಪ್ಪಟೆಯಾಗಿ ಇನ್ನೂ ಜಾಸ್ತಿ ಸೋರುತ್ತದೆ.

ನನ್ನ ಮನೆಯಲ್ಲಿ ಸಿಕ್ಕ ಕಳ್ಳ ಕೊಬ್ಬರಿ ಎಣ್ಣೆ. ರಾತ್ರಿ ತಲೆಗೆ ಹಚ್ಚಿಕೊಂಡು ಮಲಗುವ ಅಭ್ಯಾಸ ನನಗೆ. ಎಣ್ಣೆ ಪಟ್ಟಿಗೆ ಹತ್ತಿ ಅದು ಹಿಗ್ಗುತ್ತದೆ, ಹಣೆಗೆ ಇಳಿದು ಸಿಲಿಕಾನ್ ಜಾರುತ್ತದೆ. ಈಗ ಎಣ್ಣೆ ಭಾನುವಾರ ಬೆಳಿಗ್ಗೆ ಮಾತ್ರ. ದಿನಾ ಎದ್ದ ಕೂಡಲೇ ಮಾಸ್ಕಿನ ಅಂಚನ್ನು ಉಗುರು ಬೆಚ್ಚಗಿನ ನೀರು, ಸ್ವಲ್ಪ ಸೋಪು ಹಾಕಿ ತೊಳೆದು ನೆರಳಲ್ಲಿ ಒಣಗಿಸುತ್ತೇನೆ.

ಬೆಳಿಗ್ಗೆ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿದ್ದರೆ ಗಾಳಿ ಬಾಯಿಂದ ಹೋಗುತ್ತಿದೆ ಅಂತ. ಮೂಗಿಗಷ್ಟೇ ಹಾಕುವ ಮಾಸ್ಕ್ ಇದ್ದವರಿಗೆ ಇದು ಜಾಸ್ತಿ. ಮೂಗು ಕಟ್ಟಿದ್ದರೆ ಮೊದಲು ಅದನ್ನು ಸರಿ ಮಾಡಿಕೊಳ್ಳಿ.

ಮಾಸ್ಕ್ ಬಗೆ ಸರಿ ಮಾಡಿ, ಎಣ್ಣೆ ಬಿಟ್ಟ ಮೇಲೆ ಸೋರಿಕೆ ಇಳಿಯಿತು. ಎಎಚ್‌ಐ 13ರಿಂದ 9ಕ್ಕೆ ಬಂತು. ಪ್ರೆಷರ್ ಇನ್ನೂ ಮುಟ್ಟಿರಲಿಲ್ಲ.

ದಿಂಬು

ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಬೇರೆಯಾಗಿ ಬರೆಯುತ್ತಿದ್ದೇನೆ. ನಾನು ಎರಡು ದಿಂಬು ಹಾಕುತ್ತಿದ್ದೆ. ನಿದ್ದೆಯಲ್ಲಿ ಗದ್ದ ಎದೆಗೆ ತಾಗಿ ಕತ್ತು ಮಡಚಿಕೊಳ್ಳುತ್ತಿತ್ತು. ತೋಟದಲ್ಲಿ ನೀರು ಬಿಡುವ ಪೈಪು ಮಡಚಿಕೊಂಡರೆ ಎಷ್ಟು ಪಂಪು ಮಾಡಿದರೂ ನೀರು ಬರುತ್ತದೆಯೇ? ಇದೂ ಹಾಗೇ. ಕಾರ್ಡಿನಲ್ಲಿ ಗುರುತುಗಳು ಗುಂಪಾಗಿ ಬಿದ್ದಿದ್ದು, ಪ್ರೆಷರ್ ಏರಿದರೂ ಗುಂಪು ಕರಗದಿದ್ದರೆ ಕತ್ತಿನ ಮೇಲೆ ಅನುಮಾನ ಇಡಿ. ಒಂದು ದಿಂಬು ತೆಗೆದೆ, ಅಂಗಾತ ಬಿಟ್ಟು ಮಗ್ಗುಲಾಗಿ ಮಲಗುವುದನ್ನು ರೂಢಿ ಮಾಡಿಕೊಂಡೆ. ಬೆಳಗಿನ ಗುಂಪು ಅರ್ಧಕ್ಕೆ ಇಳಿಯಿತು.

ಈಗ ಪ್ರೆಷರ್

1981ರಲ್ಲಿ ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್ ಮತ್ತು ಜೊತೆಗಾರರು ಮೂಗಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲು ಮುಚ್ಚದಂತೆ ತಡೆಯಬಹುದು ಎಂದು ತೋರಿಸಿದರು. ಇವತ್ತಿನ ಮೆಷಿನ್ ಎಷ್ಟೇ ಬುದ್ಧಿವಂತ ಆದರೂ ಮಾಡುವ ಕೆಲಸ ಅದೇ. ಗಾಳಿಯನ್ನೇ ಊರುಗೋಲು ಮಾಡಿ ಗಂಟಲನ್ನು ತೆರೆದಿಡುತ್ತದೆ. ಊರುಗೋಲು ಗೋಡೆ ಬಿದ್ದ ಮೇಲೆ ಬಂದರೆ ಏನು ಪ್ರಯೋಜನ? 4ರಲ್ಲಿ ಕೂತ ಆಟೋ ಮೆಷಿನ್ ಮಾಡುವುದು ಅದನ್ನೇ. ಉಸಿರು ಕುಗ್ಗಿದ್ದು ಕಂಡ ಮೇಲೆ ಏರಲು ಶುರು ಮಾಡುತ್ತದೆ. 9 ಬೇಕಾದವನಿಗೆ 4ರಿಂದ ಅಲ್ಲಿಗೆ ತಲುಪುವಷ್ಟರಲ್ಲಿ ನಾಲ್ಕು ಸಲ ಉಸಿರು ನಿಂತಿರುತ್ತದೆ. ಆಮೇಲೆ ಮೆಲ್ಲಗೆ ಇಳಿಯುತ್ತದೆ, ಮತ್ತೆ ಅದೇ ಕತೆ. ಮಲಗಿದ ಕೂಡಲೇ ಉಸಿರು ಸಾಲದ ಹಾಗೆ, ಮಾಸ್ಕ್ ಕಿತ್ತೆಸೆಯಬೇಕು ಅನ್ನಿಸುವುದೂ ಬಹಳ ಸಲ ಈ 4ರಿಂದಲೇ. ಬಹಳಷ್ಟು ದೊಡ್ಡವರಿಗೆ ಅಷ್ಟು ಗಾಳಿ ಸಾಲದು ಅನ್ನಿಸುತ್ತದೆ. ರ‍್ಯಾಂಪನ್ನು 6 ಅಥವಾ 7ರಿಂದ ಶುರು ಮಾಡಿದರೆ ಆ ಹಿಂಸೆ ಹೋಗುತ್ತದೆ.

ನಾನು ಮಾಡಿದ್ದು, ಡಾಕ್ಟರು ಮೊದಲೇ ಬರೆದುಕೊಟ್ಟಿದ್ದ 9ರಿಂದ 14ನ್ನು ವಾಪಸ್ ಹಾಕಿದ್ದು. ನಾಲ್ಕು ರಾತ್ರಿ ನೋಡಿದೆ. 5ರ ಹತ್ತಿರ ನಿಂತಿತು. ಹಳೆಯದರಲ್ಲಿ ಇದೇ ಅಂಕಿಗೆ 2 ಇತ್ತಲ್ಲ, ಈಗ ಯಾಕೆ 5 ಅಂತ ತಲೆ ಕೆಡಿಸಿಕೊಂಡೆ. ಉಸಿರು ಬಿಡುವಾಗಿನ ಇಳಿಕೆ 3ರಲ್ಲೇ ಉಳಿದಿತ್ತು. ಹಿತವಾಗಿತ್ತು ಅಂತ ನಾನೇ ಬಿಟ್ಟಿದ್ದೆ. 9 ಅಂತ ಪರದೆ ತೋರಿಸಿದರೂ ಉಸಿರು ಬಿಡುವಾಗ ಗಂಟಲಿಗೆ ಸಿಗುತ್ತಿದ್ದದ್ದು 6. ಗಂಟಲು ಕುಸಿಯುವುದು ಹೆಚ್ಚಾಗಿ ಉಸಿರು ಬಿಟ್ಟ ಕೊನೆಯಲ್ಲೇ. 1ಕ್ಕೆ ತಂದೆ. ಮೊದಲ ಎರಡು ರಾತ್ರಿ ಉಸಿರು ಬಿಡುವುದು ಸ್ವಲ್ಪ ಭಾರ ಅನ್ನಿಸಿತು, ಮೂರನೇ ರಾತ್ರಿ ಮರೆತೇ ಹೋಯಿತು. ಎಎಚ್‌ಐ 3. ಆಮೇಲೆ ಕಡಿಮೆ ಪ್ರೆಷರನ್ನು 9ರಿಂದ 9.6ಕ್ಕೆ ಏರಿಸಿ ಡಾಕ್ಟರಿಗೆ ಗೆರೆಗಳ ಫೋಟೋ ಕಳಿಸಿದೆ. ಈಗ 2ರ ಕೆಳಗೆ ಇದೆ.

ಏರಿಸುವಾಗ ಯಾವಾಗ ನಿಲ್ಲಿಸಬೇಕು? ಕಾರ್ಡಿನಲ್ಲಿ ಗಂಟಲು ಮುಚ್ಚಿ ನಿಂತ ಉಸಿರು ಬೇರೆ, ಗಂಟಲು ತೆರೆದೇ ಇದ್ದು ನಿಂತ ಉಸಿರು ಬೇರೆ ಅಂತ ತೋರಿಸುತ್ತದೆ. ಎರಡನೆಯದು ಏರತೊಡಗಿದರೆ ಪ್ರೆಷರ್ ಇನ್ನೂ ಏರಿಸಬೇಡಿ. ಒಂದು ಹೆಜ್ಜೆ ಹಿಂದೆ ಬಂದು ಡಾಕ್ಟರಿಗೆ ತೋರಿಸಿ. ಅದು ಗಂಟಲಿನದಲ್ಲ, ಉಸಿರಾಡು ಅಂತ ಮಿದುಳು ಹೇಳುವುದು ತಪ್ಪಿದಾಗ ಆಗುವುದು. ಪ್ರೆಷರ್ ಜಾಸ್ತಿಯಾದಾಗ ಕೆಲವರಿಗೆ ಹೀಗಾಗುತ್ತದೆ. ಬೆಳಿಗ್ಗೆ ಹೊಟ್ಟೆ ತಮಟೆಯಂತೆ ಉಬ್ಬಿ ತೇಗು ಬಂದರೆ ಗಾಳಿ ಹೊಟ್ಟೆಗೆ ಹೋಗಿದೆ, ಮೇಲಿನ ಮಿತಿಯನ್ನು ಒಂದು ಅಂಕಿ ಇಳಿಸಿ ನೋಡಬಹುದು.

ಎತ್ತರದ ವಿಷಯವೂ ಇದೆ. ಚಿಕ್ಕಮಗಳೂರು ಸಮುದ್ರಮಟ್ಟಕ್ಕಿಂತ ಸಾವಿರ ಮೀಟರಿಗೂ ಮೇಲೆ, ಹಾಸನ ಅದಕ್ಕಿಂತ ಸ್ವಲ್ಪ ಕೆಳಗೆ. ಈಗಿನ ಮೆಷಿನ್‌ಗಳು ತಾವೇ ಸರಿಹೊಂದಿಸಿಕೊಳ್ಳುತ್ತವೆ. ಮಂಗಳೂರಿನ ನೆಂಟರು ಕೊಟ್ಟ ತುಂಬ ಹಳೆಯ ಮೆಷಿನ್ ಆದರೆ ಎತ್ತರದ ಸೆಟ್ಟಿಂಗ್ ಕೈಯಿಂದ ಬದಲಿಸಬೇಕೇ ಅಂತ ನೋಡಿ.

ಪೈಪಿನಲ್ಲಿ ಗುಳುಗುಳು, ಫಿಲ್ಟರ್ ಕಪ್ಪು

ನಮ್ಮ ಕಡೆ ಜುಲೈ ಮಳೆಯಲ್ಲಿ, ಮತ್ತೆ ಡಿಸೆಂಬರಿನ ಚಳಿಯಲ್ಲಿ ಮಧ್ಯರಾತ್ರಿ ಮೂಗಿಗೆ ತಣ್ಣೀರು ಚಿಮ್ಮಿ ಎಚ್ಚರವಾಗುವುದು ಮೆಷಿನ್ ಕೆಟ್ಟಿದ್ದಕ್ಕಲ್ಲ. ಗಾಳಿಗೆ ತೇವ ಕೊಡಲು ಮೆಷಿನ್‌ನಲ್ಲಿ ಇರುವ ನೀರಿನ ತೊಟ್ಟಿಯ ಬೆಚ್ಚಗಿನ ಆವಿ ತಣ್ಣಗಿನ ಪೈಪಿನಲ್ಲಿ ಹನಿಯಾಗುತ್ತದೆ. ಮೆಷಿನ್ ಅನ್ನು ಮಂಚಕ್ಕಿಂತ ಕೆಳಗೆ ಇಡಿ, ಹನಿ ವಾಪಸ್ ತೊಟ್ಟಿಗೆ ಇಳಿಯುತ್ತದೆ. ಪೈಪಿಗೆ ಹಳೆಯ ಉಣ್ಣೆ ಮಫ್ಲರ್ ಸುತ್ತಿ, ಅಥವಾ ಪೈಪನ್ನು ಕಂಬಳಿಯೊಳಗೆ ಎಳೆದುಕೊಳ್ಳಿ. ಆದರೂ ನಿಲ್ಲದಿದ್ದರೆ ತೇವದ ಅಂಕಿ ಒಂದು ಇಳಿಸಿ. ಬಿಸಿಯಾಗುವ ಪೈಪು ಸಿಗುತ್ತದೆ, ಕೊಳ್ಳಲು ಆಗುವವರಿಗೆ ಅದೇ ಒಳ್ಳೆಯದು.

ತೊಟ್ಟಿಗೆ ಡಿಸ್ಟಿಲ್ಡ್ ನೀರು. ಕಡೂರು, ಅರಸೀಕೆರೆ ಕಡೆಯ ಬೋರ್‌ವೆಲ್ ನೀರು ಹಾಕಿದರೆ ವಾರದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಕುದಿಸಿದರೂ ನೀರಿನಲ್ಲಿ ಕರಗಿದ ಉಪ್ಪು ಎಲ್ಲ ಹೋಗುವುದಿಲ್ಲ. ಪೊರೆ ಕಟ್ಟಿದ್ದರೆ ಒಂದು ಪಾಲು ವಿನೆಗರ್, ಹತ್ತು ಪಾಲು ನೀರು ಹಾಕಿ ನೆನೆಸಿ ತೊಳೆಯಿರಿ.

ಫಿಲ್ಟರನ್ನು ತಿಂಗಳಿಗೊಮ್ಮೆ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ನನ್ನದು ಹದಿನೈದೇ ದಿನಕ್ಕೆ ಕಪ್ಪಾಗುತ್ತಿತ್ತು. ಮಲಗುವ ಕೋಣೆಯ ಗೋಡೆಯಾಚೆ ಬಚ್ಚಲುಮನೆಯ ಹಂಡೆ ಒಲೆ. ಸೌದೆ ಹೊಗೆ ಕಿಟಕಿಯಿಂದ ನೇರ ಮೆಷಿನ್ನಿಗೆ. ಮಂಚದ ಆ ಕಡೆಗೆ ಮೆಷಿನ್ ಸರಿಸಿದೆ, ಅಷ್ಟೇ. ಕಾಫಿ ಕಣದ ಪಕ್ಕದ ಮನೆಗಳಲ್ಲೂ ಒಣಗಿಸುವ ದಿನಗಳಲ್ಲಿ ಧೂಳು ಹೀಗೇ ಕಾಡುತ್ತದೆ.

ಕರೆಂಟು

ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ನಮಗೆ ಎರಡು ರಾತ್ರಿ ಕತ್ತಲೆ. ಇನ್ವರ್ಟರ್ ಸೈನ್ ವೇವ್ ಇರಲಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ನನ್ನ ಅಡಾಪ್ಟರ್ ಗುಂಯ್ ಅಂತ ಬಿಸಿಯಾಗುತ್ತಿತ್ತು. ಬ್ಯಾಟರಿ ತಿನ್ನುವುದು ಮೋಟರಿಗಿಂತ ಹೆಚ್ಚಾಗಿ ನೀರು ಕಾಯಿಸುವ ತಟ್ಟೆ ಮತ್ತು ಬಿಸಿ ಪೈಪು. ಅವೆರಡನ್ನೂ ಆಫ್ ಮಾಡಿದರೆ ಅದೇ ಬ್ಯಾಟರಿ ಎಷ್ಟೋ ಹೆಚ್ಚು ಹೊತ್ತು ಬರುತ್ತದೆ. ಒಂದೆರಡು ರಾತ್ರಿ ಮೂಗು ಒಣಗಿದರೆ ಪರವಾಗಿಲ್ಲ.

ಹಳೆಯ ಮೆಷಿನ್ ಏನು ಮಾಡಿದೆ

ನೀರು ಚೆಲ್ಲಿ, ಒಣಗಿಸಿ, ನನ್ನ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಅದರ ಹೊಟ್ಟೆಗೆ ಅಂಟಿಸಿ ಬೀರುವಿನ ಮೇಲಿಟ್ಟಿದ್ದೇನೆ. ಹೊಸದು ರಿಪೇರಿಗೆ ಹೋದರೆ ನಾಲ್ಕು ದಿನಕ್ಕೆ ಆಗುತ್ತದೆ. ಸೆಕೆಂಡ್ ಹ್ಯಾಂಡ್ ಮೆಷಿನ್ ಕೊಳ್ಳುವವರು ಒಂದು ನೋಡಿಕೊಳ್ಳಿ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ತನ್ನ ಮೊದಲ ಡ್ರೀಮ್‌ಸ್ಟೇಷನ್ ಸೇರಿ ಹಲವು ಮೆಷಿನ್‌ಗಳನ್ನು ವಾಪಸ್ ಕರೆಯಿತು. ಸದ್ದು ಅಡಗಿಸಲು ಒಳಗೆ ಇಟ್ಟ ಫೋಮ್ ಪುಡಿಯಾಗಿ ಉಸಿರಿನ ಗಾಳಿಗೆ ಸೇರುವ ಅಪಾಯವಿತ್ತು. ಅಂಥದ್ದು ಕಡಿಮೆ ಬೆಲೆಗೆ ಸಿಗುತ್ತದೆ ಅಂತ ತರಬೇಡಿ. ಸೀರಿಯಲ್ ನಂಬರ್ ಕೇಳಿ, ಅದು ವಾಪಸಾತಿಯ ಪಟ್ಟಿಯಲ್ಲಿದೆಯೇ ಅಂತ ಕಂಪನಿಯಲ್ಲಿ ವಿಚಾರಿಸಿ, ಆಮೇಲೆ ದುಡ್ಡು ಕೊಡಿ.